ಮೈಕ್ ಕೊಟ್ಟ ಮೇಲೆ

ಕ್ರೈಸ್ತ ಸಭೆಗಳ ಯುವ ಮುಂದಾಳುಗಳಿಗೆ ತರಬೇತಿ ಕೊಡುವ ಕೆಲಸಕ್ಕೆ ಇಳಿದು ಹನ್ನೆರಡು ವರ್ಷವಾಯಿತು. ಮೊದಮೊದಲು ನಾನು ಮಾಡಿದ ತಪ್ಪನ್ನೇ ಈಗ ಬಹಳಷ್ಟು ಪಾಸ್ಟರುಗಳಲ್ಲಿ ಕಾಣುತ್ತೇನೆ: ಮೈಕ್ ಕೊಡುತ್ತೇವೆ, ವೈರ್ ಬಿಡುವುದಿಲ್ಲ.

ಒಂದು ಭಾನುವಾರ ಯುವಜನ ಸಂಘದ ಹುಡುಗನೊಬ್ಬನಿಗೆ ಪ್ರಸಂಗ, ಅಂದರೆ ಆರಾಧನೆಯ ಉಪದೇಶ, ಒಪ್ಪಿಸಿದೆ. ನಾಲ್ಕು ಹಾಳೆ ಬರೆದು ತಂದಿದ್ದ. ಕೈ ನಡುಗಿ ಹಾಳೆಗಳು ಅದಲುಬದಲಾದವು, ಏಳೇ ನಿಮಿಷಕ್ಕೆ ಮುಗಿಸಿಬಿಟ್ಟ. ನಾನು ಎದ್ದು, ‘ನಮ್ಮ ತಮ್ಮ ಹೇಳಬೇಕೆಂದಿದ್ದು ಏನೆಂದರೆ...’ ಎಂದು ಅರ್ಧ ಗಂಟೆ ಮಾತಾಡಿದೆ. ಸಭೆಗೆ ಪ್ರಸಂಗ ಸಿಕ್ಕಿತು. ಹುಡುಗ ವರ್ಷವಿಡೀ ಪುಲ್ಪಿಟ್ಟಿನ (ಪ್ರಸಂಗ ಪೀಠದ) ಕಡೆ ಸುಳಿಯಲಿಲ್ಲ.

ಆಮೇಲೆ ಬೈಬಲಿನಲ್ಲಿ ಮೊದಲ ಸಭೆಗಳ ಕಥೆ ಹೇಳುವ ಅಪೊಸ್ತಲರ ಕೃತ್ಯಗಳನ್ನು ಓದುವಾಗ ನನ್ನ ಕಣ್ಣು ಪೌಲನಿಗಿಂತ ಬಾರ್ನಬನ ಮೇಲೆ ನಿಂತಿತು. ಹಿಂದೆ ವಿಶ್ವಾಸಿಗಳನ್ನು ಹಿಂಸಿಸಿದ್ದ ಸೌಲನಿಗೆ (ಪೌಲನ ಇನ್ನೊಂದು ಹೆಸರು) ಯೆರೂಸಲೇಮಿನ ಶಿಷ್ಯರೆಲ್ಲ ಹೆದರುತ್ತಿದ್ದಾಗ ಕೈಹಿಡಿದು ಕರೆತಂದವನು ಅವನೇ. ತಾರ್ಸಕ್ಕೆ ಹೋಗಿ ಹುಡುಕಿ, ಅಂತಿಯೋಕ್ಯಕ್ಕೆ ಕರೆದುಕೊಂಡು ಬಂದು ಒಂದು ವರ್ಷ ಜೊತೆಯಲ್ಲೇ ಬೋಧಿಸಿದ. ಆಗ ‘ಬಾರ್ನಬನೂ ಸೌಲನೂ’ ಎಂಬ ಕ್ರಮ. 13ನೇ ಅಧ್ಯಾಯದ ಮಧ್ಯಕ್ಕೆ ಬರುವಾಗ ‘ಪೌಲನೂ ಅವನ ಜೊತೆಯವರೂ’ ಎಂದಾಗಿದೆ! ಹೆಸರು ಹಿಂದಕ್ಕೆ ಸರಿದದ್ದಕ್ಕೆ ಬಾರ್ನಬ ಮುನಿಸಿಕೊಂಡ ಸುದ್ದಿ ಎಲ್ಲೂ ಇಲ್ಲ. ನಮ್ಮಲ್ಲಾದರೆ ಆಮಂತ್ರಣ ಪತ್ರಿಕೆಯಲ್ಲಿ ಹೆಸರು ಒಂದು ಸಾಲು ಕೆಳಗಿಳಿದರೆ ಸಾಕು, ಕಮಿಟಿಯೇ ಒಡೆಯುತ್ತದೆ.

ಅವನು ಜಗಳವಾಡಿದ್ದು ಬೇರೆಯವನಿಗಾಗಿ. ಹಿಂದಿನ ಸೇವಾ ಪ್ರಯಾಣದ ನಡುವೆ ಪೆರ್ಗೆ ಎಂಬ ಊರಿನಲ್ಲಿ ಇವರನ್ನು ಬಿಟ್ಟು ಮನೆಗೆ ಮರಳಿದ್ದ ಮಾರ್ಕನನ್ನು ಮತ್ತೆ ಕರೆದುಕೊಂಡು ಹೋಗೋಣವೆಂದ. ಪೌಲ ಒಪ್ಪಲಿಲ್ಲ, ಇಬ್ಬರೂ ಬೇರೆಯಾದರು. ಮಾರ್ಕ ಬಾರ್ನಬನ ಬಂಧು, ಪಕ್ಷಪಾತವೂ ಇದ್ದಿರಬಹುದು. ಆದರೂ ಅದೇ ಮಾರ್ಕನನ್ನು ಕರೆತಾ, ಸೇವೆಗೆ ಉಪಯುಕ್ತನೆಂದು ತನ್ನ ಕಿರಿಯ ಜೊತೆಗಾರ ತಿಮೊಥೆಯನಿಗೆ ಬರೆದ ಎರಡನೇ ಪತ್ರದಲ್ಲಿ ಪೌಲನ ಮಾತು ಬರುತ್ತದೆ.

ಕಲಿಸಿದ್ದು ಎಷ್ಟೆಂದು ಪಾಸ್ಟರಿಗೆ ವರ್ಗಾವಣೆಯ ಕಾಗದ ಬಂದ ದಿನ ಗೊತ್ತಾಗುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡ್ ಮೂಲದ ಬಾಸೆಲ್ ಮಿಷನ್ನಿನವರು ಊರಿನವರನ್ನೇ ಉಪದೇಶಕರಾಗಿ ತಯಾರು ಮಾಡಿದ್ದರು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳು ದೇಶ ಬಿಡಬೇಕಾಗಿ ಬಂದಾಗ ಆರಾಧನೆ ನಿಲ್ಲದಂತೆ ಹೆಗಲು ಕೊಟ್ಟವರಲ್ಲಿ ಸ್ಥಳೀಯ ಪಾಸ್ಟರುಗಳೂ ಉಪದೇಶಕರೂ ಇದ್ದರು.

ಈಗ ನಾನು ಭಾನುವಾರ ಏನೂ ತಿದ್ದುವುದಿಲ್ಲ. ಪ್ರಸಂಗ ಮಾಡಿದವರನ್ನು ಬುಧವಾರ ಸಂಜೆ ಚಹಾಕ್ಕೆ ಕರೆಯುತ್ತೇನೆ, ಕೇಳುವುದು ಇಷ್ಟೇ: ‘ಹಾಳೆಯಿಂದ ತಲೆ ಎತ್ತಿದ್ದು ಯಾವಾಗ? ಆಗ ಯಾರ ಮುಖ ಕಂಡಿತು?’ ಉತ್ತರ ಬರುವವರೆಗೆ ಬಾಯಿ ಮುಚ್ಚಿಕೊಂಡಿರುವುದು ನನಗೆ ಇವತ್ತಿಗೂ ಕಷ್ಟ. ಚಹಾ ಆರಿಹೋಗುತ್ತದೆ.

ಆ ಹುಡುಗನ ಬಳಿ ಹೋಗಿ ತಪ್ಪಾಯಿತೆಂದು ಹೇಳಿದೆ. ಕೆಲವು ತಿಂಗಳ ನಂತರ ಅವನೇ ಬಂದು, ‘ಅಯ್ಯನವರೇ, ಈ ಸಲ ಮಾಡ್ತೀನಿ. ಆದ್ರೆ ನೀವು ಮುಂದಿನ ಸಾಲಲ್ಲಿ ಕೂರಬೇಡಿ’ ಎಂದ. ಬಾಗಿಲ ಹತ್ತಿರ, ಚಪ್ಪಲಿ ಬಿಡುವ ಕಡೆಯ ಬೆಂಚಿನಲ್ಲಿ ಕೂತೆ. ಅಲ್ಲಿಗೆ ಮೈಕಿನ ಧ್ವನಿ ಸರಿಯಾಗಿ ಕೇಳಿಸುವುದೇ ಇಲ್ಲ.