ಆರು ಮೂಲೆಯ ಸಮುದ್ರಕ್ಕೆ ಒಂದು ದೀಪ

ನಮ್ಮ ಮನೆಯ ಅಕ್ವೇರಿಯಂನಲ್ಲಿ ಎರಡು ಕ್ಲೌನ್ ಮೀನುಗಳಿವೆ. ಅಕ್ಕನ ಮಗಳು ಎಣಿಸಿದರೆ ನಾಲ್ಕು. ಅವಳ ಲೆಕ್ಕ ತಪ್ಪಲ್ಲ. ತೊಟ್ಟಿಗೆ ಆರು ಮುಖ. ಎರಡು ಗಾಜು ಕೂಡುವ ಅಂಚಿನ ಎದುರು ಕೂತರೆ ಒಂದೇ ಮೀನು ಈ ಗಾಜಿನಲ್ಲೊಂದು, ಆ ಗಾಜಿನಲ್ಲೊಂದು ಕಾಣುತ್ತದೆ. "ಮಾಮ, ಇನ್ನೆರಡು ಯಾವಾಗ ತಂದಿದ್ದು?" ಅಂತ ಕೇಳಿದಳು. ನಾನು ಸುಮ್ನೆ ನಕ್ಕೆ. ಆಗ ಗೊತ್ತಿರಲಿಲ್ಲ, ಇದೇ ಗಾಜು, ಇದೇ ನೀರು ನನಗೂ ಇದಕ್ಕಿಂತ ದೊಡ್ಡ ಮೋಸ ಮಾಡಲಿವೆ ಅಂತ.

ಈ ಆಕಾರ ನಾನು ಆಸೆಪಟ್ಟು ಆರಿಸಿದ್ದಲ್ಲ. ಕೋಲಾರದಲ್ಲಿ ಬಾಗಿಲು ಹಾಕಿದ ಒಂದು ಹೋಟೆಲಿನಲ್ಲಿ ಗೋಲ್ಡ್ ಫಿಶ್ ಬಿಟ್ಟಿದ್ದ ಹಳೇ ತೊಟ್ಟಿ ಇದು. ಕಡಿಮೆ ದುಡ್ಡಿಗೆ ಸಿಕ್ಕಿತು, ಮೆಟ್ಟಿಲ ಪಕ್ಕದ ಮೂಲೆಗೆ ಹಿಡಿಸಿತು. ಒಂದೊಂದು ಮುಖ ಒಂದಡಿ ಅಗಲ, ನೀರಿನ ಎತ್ತರ ಎರಡಡಿ. ಲೆಕ್ಕ ಹಾಕಿದರೆ ಸುಮಾರು 147 ಲೀಟರ್. ಇದರಲ್ಲಿ ಹವಳ ಸಾಕುತ್ತೇನೆ ಅಂದಾಗ ಅಮ್ಮ ಹೇಳಿದ್ದು ಒಂದೇ ಮಾತು: "ಈ ಊರಲ್ಲಿ ಕುಡಿಯೋ ನೀರಿಗೇ ಪರದಾಟ, ನಿನಗೆ ಉಪ್ಪು ನೀರು ಬೇರೆ ಬೇಕಾ?" ಮಾತಿನಲ್ಲಿ ನ್ಯಾಯ ಇತ್ತು. ನಮ್ಮ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇದೆ, ಗಡಸೂ ಜಾಸ್ತಿ. ಅದನ್ನು ಆರ್‌ಒದಲ್ಲಿ ಸೋಸಿ, ಮತ್ತೆ ರೆಸಿನ್ ಫಿಲ್ಟರ್ ದಾಟಿಸಿ, ಆಮೇಲೆ ಲೀಟರಿಗೆ ಸುಮಾರು 35 ಗ್ರಾಂನಂತೆ ಸಮುದ್ರದ ಉಪ್ಪಿನ ಮಿಶ್ರಣ ಬೆರೆಸಬೇಕು. ನೀರಿನ ಪುರಾಣ ಇನ್ನೊಂದು ದಿನ ಹೇಳುತ್ತೇನೆ. ನನ್ನ ನಿದ್ದೆ ಕೆಡಿಸಿದ್ದು ದೀಪ.

ಮೀನಿಗೆ ದೀಪ ಇಲ್ಲದಿದ್ದರೂ ನಡೆಯುತ್ತದೆ, ಅದು ನಮ್ಮ ಕಣ್ಣಿಗೆ ಮಾತ್ರ. ಹವಳದ ವಿಷಯ ಬೇರೆ. ಹವಳ ಗಿಡವಲ್ಲ, ಪ್ರಾಣಿ. ಆದರೆ ಅದರ ಮೈಯೊಳಗೆ ಜೂಜಾಂತೆಲೆ ಅನ್ನೋ ಕಣ್ಣಿಗೆ ಕಾಣದಷ್ಟು ಚಿಕ್ಕ ಪಾಚಿಗಳು ಬಾಡಿಗೆಗಿವೆ. ಅವು ಬೆಳಕಿನಿಂದ ಸಕ್ಕರೆ ಮಾಡುತ್ತವೆ, ಬಾಡಿಗೆಯಾಗಿ ಹೆಚ್ಚುಪಾಲು ಮನೆಯೊಡೆಯನಿಗೆ ಕೊಡುತ್ತವೆ. ಕೆಲವು ಹವಳಗಳಿಗೆ ಬೇಕಾದ ಶಕ್ತಿಯಲ್ಲಿ ಶೇಕಡಾ 90ರವರೆಗೂ ಈ ದಾರಿಯಲ್ಲೇ ಬರುತ್ತದೆ. ಅಂದರೆ ತೊಟ್ಟಿಯ ಮೇಲೆ ತೂಗುವ ದೀಪ ಅಂದ ಚೆಂದಕ್ಕಲ್ಲ, ಅದು ಅಡುಗೆಮನೆ.

ಎಷ್ಟು ಬೆಳಕು ಬೇಕು ಅನ್ನೋದು ಯಾವ ಹವಳ ಅನ್ನೋದರ ಮೇಲೆ ನಿಂತಿದೆ. ನಮ್ಮ ದೇಶದಲ್ಲಿ ಆ ಆಯ್ಕೆಯನ್ನು ಅರ್ಧ ಕಾನೂನೇ ಮಾಡಿಬಿಟ್ಟಿದೆ. ದಿಬ್ಬ ಕಟ್ಟುವ ಗಟ್ಟಿ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಿದರು. ಹುಲಿ ಇರುವ ಪಟ್ಟಿ ಅದು. ಹುಲಿ ಸಾಕದವನು ಅದನ್ನೂ ಸಾಕಬಾರದು, ಅಷ್ಟೇ. ನನ್ನ ತೊಟ್ಟಿಯಲ್ಲಿರುವುದು ತೊಟ್ಟಿಯಲ್ಲೇ ಬೆಳೆಸಿದ, ಅಸ್ಥಿ ಇಲ್ಲದ ಮಶ್ರೂಮ್ ಮತ್ತು ಬಟನ್ ಅನ್ನೋ ಜಾತಿಯ ಹವಳದ ತುಣುಕುಗಳು. ಕಲ್ಲೂ ಸಮುದ್ರದ್ದಲ್ಲ, ಕೃತಕ. ಇವುಗಳಿಗೆ ಬೆಳಕು ಕಡಿಮೆ ಸಾಕು. ಅಂಗಡಿಯಲ್ಲಿ ಮಾತ್ರ ಎಲ್ಲರೂ ಗಟ್ಟಿ ಹವಳದ ಲೆಕ್ಕದಲ್ಲೇ ದೀಪ ಮಾರುತ್ತಾರೆ. ಮಾರುತಿ ಕಾರಿಗೆ ಲಾರಿ ಇಂಜಿನ್ ಕೂರಿಸಿದ ಹಾಗೆ.

ನನಗೂ ಹಾಗೇ ಒಂದನ್ನು ತಗುಲಿಸಿದರು. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ವ್ಯಾಟ್ ಬರೆದಿತ್ತು. ವ್ಯಾಟ್ ಅಂದರೆ ದೀಪ ಎಷ್ಟು ಕರೆಂಟ್ ತಿನ್ನುತ್ತದೆ ಅನ್ನೋದೇ ಹೊರತು ಎಷ್ಟು ಬೆಳಕು ಬಡಿಸುತ್ತದೆ ಅನ್ನೋದಲ್ಲ. ಇದು ಅಷ್ಟನ್ನೂ ತಿನ್ನುತ್ತಿರಲಿಲ್ಲ ಅನ್ನೋದು ಪ್ಲಗ್‌ಗೆ ಮೀಟರ್ ಹಾಕಿ ನೋಡಿದ ಮೇಲೆ ತಿಳಿಯಿತು. ಅದಕ್ಕಿಂತ ದೊಡ್ಡ ತಕರಾರು ಆಕಾರದ್ದು. ದೀಪ ಉದ್ದನೆಯ ಪಟ್ಟಿ, ತೊಟ್ಟಿ ಆರು ಮೂಲೆ. ಉದ್ದಕ್ಕೆ ಇಟ್ಟರೆ ಎರಡು ಮೂಲೆಗೆ ಊಟ, ನಾಲ್ಕಕ್ಕೆ ಉಪವಾಸ. ಹೀಗಾಗಿ ಯೋಚನೆಯನ್ನು ಮೊದಲಿಂದ ಶುರು ಮಾಡಬೇಕಾಯಿತು.

ಎತ್ತರದ, ಇಕ್ಕಟ್ಟಾದ ತೊಟ್ಟಿ ಅಂದರೆ ಮನಸ್ಸಿಗೆ ಬರುವುದು ಬಾವಿ. ಚಿಕ್ಕವನಿದ್ದಾಗ ಅಜ್ಜನ ತೋಟದ ಬಾವಿಗೆ ಬಗ್ಗಿ ನೋಡುತ್ತಿದ್ದೆ. ಹೊರಗೆ ಕೋಲಾರದ ಬಿಸಿಲು ಉರಿಯುತ್ತಿದ್ದರೂ ತಳದಲ್ಲಿ ಕತ್ತಲು. ನಮ್ಮ ಊರಿನಲ್ಲಿ ಸೂರ್ಯ ಸರಿಯಾಗಿ ನೆತ್ತಿಗೆ ಬರುವುದು ವರ್ಷಕ್ಕೆ ಎರಡೇ ಸಲ, ಏಪ್ರಿಲ್ ಕೊನೆಯ ವಾರದಲ್ಲಿ ಮತ್ತು ಆಗಸ್ಟ್ ಮೂರನೇ ವಾರದಲ್ಲಿ. ಉಳಿದ ದಿನ ಬಿಸಿಲು ಓರೆಯಾಗಿ ಬಿದ್ದು ಬಾವಿಯ ಗೋಡೆಗೇ ಮುಗಿದುಹೋಗುತ್ತದೆ. ನನ್ನ ತೊಟ್ಟಿಗೂ ಇದೇ ಗತಿ, ತಳ ತಲುಪಲು ಭಾರಿ ದೀಪ ಬೇಕು ಅಂತ ಅಂದುಕೊಂಡಿದ್ದೆ. ನೀರು ಬೆಳಕನ್ನು ಕುಡಿದುಬಿಡುತ್ತದೆ ಅಂತಲೂ ಕೆಲವರು ಹೆದರಿಸಿದ್ದರು.

ಎರಡೂ ತಪ್ಪು. ನೀರು ಬೆಳಕನ್ನು ಕುಡಿಯುವುದು ನಿಜ, ಆದರೆ ಸಮುದ್ರದ ಆಳದಲ್ಲಿ. ಎರಡಡಿ ತಿಳಿನೀರಲ್ಲಿ ಕೆಂಪು ಬೆಳಕು ಹೆಚ್ಚೆಂದರೆ ಐದನೇ ಒಂದು ಭಾಗ ಹೋಗುತ್ತದೆ. ನೀಲಿ ನೂರಕ್ಕೆ ಒಂದು ಪಾಲೂ ಹೋಗುವುದಿಲ್ಲ. ನೀರು ಹಳೆಯದಾಗಿ ಟೀ ಬಣ್ಣಕ್ಕೆ ತಿರುಗಿದರೆ ಮಾತ್ರ ನೀಲಿಗೆ ಏಟು. ಅದಕ್ಕೆ ಒಂದು ಚೀಲ ಇದ್ದಿಲು ಸಾಕು.

ಗೋಡೆಯ ವಿಷಯ ಇನ್ನೂ ಸೊಗಸು. ಗಾಳಿಯಿಂದ ನೀರಿಗೆ ಇಳಿಯುವಾಗ ಬೆಳಕು ಒಳಕ್ಕೆ ಬಾಗುತ್ತದೆ. ನೀರಿನಿಂದ ಗಾಳಿಗೆ ಹೊರಡುವಾಗ, ತೀರಾ ಓರೆಯಾಗಿದ್ದರೆ, ಹೊರಗೆ ಬಿಡುವುದೇ ಇಲ್ಲ. ಕನ್ನಡಿಗೆ ಬಡಿದ ಹಾಗೆ ಪೂರ್ತಿ ವಾಪಸ್. ಸಂಜೆ ಕಾಗದ ಹಿಡಿದು ಲೆಕ್ಕ ಹಾಕಿದೆ. ದೀಪದಿಂದ ನೇರ ಕೆಳಗೆ ಒಂದು ಗೆರೆ ಎಳೆಯಿರಿ. ಆ ಗೆರೆಯಿಂದ ಸುಮಾರು 62 ಡಿಗ್ರಿ ಒಳಗೆ ನೀರಿನ ಮೇಲೆ ಬೀಳುವ ಯಾವ ಕಿರಣವೂ ನೆಟ್ಟಗೆ ನಿಂತ ಪಕ್ಕದ ಗಾಜಿನಿಂದ ನೇರ ಆಚೆ ಹೋಗಲಾರದು. ಬಡಿದು ಒಳಗೇ ಬರಬೇಕು. ಮನೆಗೆ ಇಂಟರ್‌ನೆಟ್ ತರುವ ಫೈಬರ್ ಕೇಬಲ್ಲಿನೊಳಗೆ ಬೆಳಕು ಓಡುವುದೂ ಇದೇ ಉಪಾಯದಿಂದ. ಹಾಗಾದರೆ ತೊಟ್ಟಿ ಹೊರಗಿನಿಂದ ಕಾಣುವುದು ಹೇಗೆ? ಮೀನಿಗೆ, ಕಲ್ಲಿಗೆ, ಮರಳಿಗೆ ಬಡಿದು ದಿಕ್ಕು ಬದಲಿಸಿದ ಬೆಳಕು ನಮ್ಮ ಕಣ್ಣಿಗೆ ಬರುತ್ತದೆ. ದೀಪದಿಂದ ನೇರ ಇಳಿದಿದ್ದಲ್ಲ.

ಗೋಡೆ ನೆಟ್ಟಗಿದ್ದರೆ ಆರು ಮುಖವೋ, ಎಂಟೋ, ಉರುಟು ಕೊಳವೆಯೋ, ಈ ಲೆಕ್ಕ ಬದಲಾಗುವುದಿಲ್ಲ. ಗೋಡೆ ವಾಲಿದ ತೊಟ್ಟಿಗೆ, ಚೆಂಡಿನಂಥ ಬಟ್ಟಲಿಗೆ ಇದು ನಡೆಯದು. ಗಾಜಿಗೆ ಪಾಚಿ ಹಿಡಿದರೂ ಕನ್ನಡಿ ಕೆಟ್ಟಿತು ಅಂತಲೇ. ಹಿಂದಿನ ಗಾಜಿಗೆ ಒಳಗಿನಿಂದ ನೀಲಿ ಹಾಳೆ ಅಂಟಿಸುವವರು ತಮ್ಮ ಬೆಳಕಿನ ಒಂದು ಪಾಲನ್ನು ತಾವೇ ಹಾಳೆಗೆ ತಿನ್ನಿಸುತ್ತಾರೆ. ನನ್ನ ಬಾವಿಗೆ ಮಣ್ಣಿನ ಗೋಡೆ ಇರಲಿಲ್ಲ, ಕನ್ನಡಿ ಗೋಡೆ ಇತ್ತು.

ಉರುಟು ತೊಟ್ಟಿ ಇಟ್ಟವರಿಗೆ ಇಲ್ಲಿ ಒಂದು ಮಾತು. ಸ್ಟೀಲ್ ಲೋಟದಲ್ಲಿ ಕಾಫಿ ಹಿಡಿದು ಕಿಟಕಿ ಪಕ್ಕ ಕೂತಿದ್ದೀರಲ್ಲ? ಅರ್ಧ ಖಾಲಿಯಾದ ಕಾಫಿಯ ಮೇಲೆ ಬಾಗಿದ, ನಡುವೆ ಚೂಪಾದ ಒಂದು ಹೊಳೆಯುವ ಗೆರೆ ಬೀಳುತ್ತದೆ. ಲೋಟ ತಿರುಗಿಸಿದರೆ ಅಲ್ಲಾಡುವುದಿಲ್ಲ, ನೀವು ಜಾಗ ಬದಲಿಸಿದರೆ ಬದಲಾಗುತ್ತದೆ. ಬಾಗಿದ ಗೋಡೆ ಬೆಳಕನ್ನು ಒಂದೆಡೆ ಗುಡ್ಡೆ ಹಾಕಿದ ಗುರುತು ಅದು. ಉರುಟು ತೊಟ್ಟಿಯ ಮರಳಿನ ಮೇಲೂ ಇಂಥ ಗುಡ್ಡೆ ಬೀಳುತ್ತದೆ, ಅಲ್ಲಿ ಕೂತ ಹವಳಕ್ಕೆ ಪಕ್ಕದವನಿಗಿಂತ ಎಷ್ಟೋ ಜಾಸ್ತಿ ಬೆಳಕು. ಇನ್ನೊಂದು, ಉರುಟು ತೊಟ್ಟಿಯನ್ನು ನೇರ ಬಿಸಿಲಿಗೆ ಇಡಲೇಬೇಡಿ. ನೀರು ತುಂಬಿದ ಕೊಳವೆ ಒಂದು ಭೂತಗನ್ನಡಿ. ಅಡ್ಡಳತೆ ಒಂದಡಿ ಇದ್ದರೆ ಹಿಂಬದಿಯ ಗಾಜಿನಿಂದ ಅರ್ಧ ಅಡಿ ಆಚೆಗೆ ಬಿಸಿಲು ಕೂಡುತ್ತದೆ. ಅಲ್ಲಿ ಪರದೆ ಇದ್ದರೆ ಗ್ರಹಚಾರ.

ಬೆಳಕು ಒಳಗೆ ಹೋದ ಮೇಲೆ ಕಳೆದುಹೋಗುವುದು ಕಡಿಮೆ ಅಂದ ಮೇಲೆ, ಕಳೆಯುವುದು ಎಲ್ಲಿ? ನೀರಿಗೆ ಬೀಳುವ ಮೊದಲೇ. ಲೆನ್ಸ್ ಇಲ್ಲದ ಎಲ್‌ಇಡಿ ಬೆಳಕನ್ನು ಅಗಲಕ್ಕೆ ಚೆಲ್ಲುತ್ತದೆ. ನನ್ನ ತೊಟ್ಟಿಯ ನಡುವಿನಿಂದ ಗಾಜಿಗೆ ಸುಮಾರು 26 ಸೆಂಟಿಮೀಟರ್. ದೀಪವನ್ನು ನೀರಿನಿಂದ 30 ಸೆಂಟಿಮೀಟರ್ ಮೇಲೆ ತೂಗಿದರೆ ಅರ್ಧಕ್ಕಿಂತ ಜಾಸ್ತಿ ಬೆಳಕು ತೊಟ್ಟಿಯ ಹೊರಗೆ, ನಮ್ಮ ಮೆಟ್ಟಿಲಿಗೆ, ಸೋಫಾಗೆ. 15 ಸೆಂಟಿಮೀಟರಿಗೆ ಇಳಿಸಿದರೆ ಹತ್ತಿರ ಹತ್ತಿರ ಮುಕ್ಕಾಲು ಭಾಗ ನೀರಿಗೆ. ಹೊಸ ದೀಪಕ್ಕೆ ಸಾವಿರಾರು ರೂಪಾಯಿ ಸುರಿಯುವ ಬದಲು ಅರ್ಧ ಅಡಿ ಚೈನ್ ಇಳಿಸಿದರೆ ಸಾಕಿತ್ತು! ತೀರಾ ಕೆಳಗಿಟ್ಟರೆ ಉಪ್ಪಿನ ಹನಿ ಸಿಡಿದು ದೀಪ ಹಾಳಾಗುತ್ತದೆ, ನಡುವಿನ ಕಲ್ಲಿನ ನೆತ್ತಿಯೂ ಸುಡುತ್ತದೆ. ನಾನು 20ಕ್ಕೆ ನಿಂತೆ.

ಈಗ ನನ್ನ ಕಣ್ಣು ಮಾಡಿದ ಮೋಸಕ್ಕೆ ಬರುತ್ತೇನೆ.

ಮೊದಲಿನ ಕಾಲದಲ್ಲಿ ಹವಳದ ತೊಟ್ಟಿಗೆ ಮೆಟಲ್ ಹ್ಯಾಲೈಡ್ ದೀಪ ಹಾಕುತ್ತಿದ್ದರು. 250 ವ್ಯಾಟ್, ಜೊತೆಗೆ ಒಲೆಯಂಥ ಕಾವು. ಎಲ್‌ಇಡಿಯಿಂದ ಅದು ತಪ್ಪಿತು, ಆದರೆ ಹವಳಕ್ಕೆ ಮುಖ್ಯವಾದ ನೀಲಿ ಎಲ್‌ಇಡಿ ಬರಲು ತಡವಾಯಿತು. ಕೆಂಪು 1962ರಲ್ಲೇ ಬಂದಿತ್ತು. ಚೆನ್ನಾಗಿ ಉರಿಯುವ ನೀಲಿಯನ್ನು ಜಪಾನಿನ ಶೂಜಿ ನಕಾಮುರಾ ತೋರಿಸಿದ್ದು 1993ರಲ್ಲಿ. ಅವರಿಗೂ ಇಸಾಮು ಅಕಸಾಕಿ, ಹಿರೋಶಿ ಅಮಾನೊ ಅವರಿಗೂ 2014ರಲ್ಲಿ ನೊಬೆಲ್ ಬಂತು. ಸಮುದ್ರದಲ್ಲಿ ಆಳಕ್ಕೆ ಇಳಿಯುವುದು ನೀಲಿಯೇ, ಹಾಗಾಗಿ ಹವಳದ ಪಾಚಿಗಳೂ ನೀಲಿಗೆ ಒಗ್ಗಿಕೊಂಡಿವೆ. ನಮ್ಮ ಕಣ್ಣು ಒಗ್ಗಿಕೊಂಡಿರುವುದು ಹಸಿರು ಹಳದಿಗೆ. 450 ನ್ಯಾನೋಮೀಟರಿನ ನೀಲಿಗೆ ನಮ್ಮ ಕಣ್ಣು ತೋರುವ ಚುರುಕು, ಹಸಿರಿಗೆ ಹೋಲಿಸಿದರೆ ನೂರಕ್ಕೆ ಸುಮಾರು ನಾಲ್ಕು ಪಾಲು.

ಇದನ್ನು ಓದಿದ್ದೆ. ಓದಿಯೂ ಕೆಟ್ಟೆ. ಹೊಸ ಮಶ್ರೂಮ್ ತಂದ ದಿನ ಕಲ್ಲಿನ ತುದಿಯಲ್ಲಿ, ದೀಪದ ಸರಿ ಕೆಳಗೆ ಕೂರಿಸಿದೆ. ರಾತ್ರಿ ನೀಲಿ ಒಂದೇ ಹಾಕಿದೆ. ಹವಳದೊಳಗಿನ ಕೆಲವು ಪ್ರೋಟೀನುಗಳು ನೀಲಿ ನುಂಗಿ ಹಸಿರು ಉಗುಳುತ್ತವೆ, ಅದಕ್ಕೇ ಅದು ಮಿಂಚುಹುಳದ ಹಾಗೆ ಹೊಳೆಯಿತು. ಕೋಣೆ ಮಾತ್ರ ಮಬ್ಬು. "ಏನೋ ಮಂಕಾಗಿದೆಯಲ್ಲ" ಅಂತ ನೀಲಿಯನ್ನು ನೂರಕ್ಕೆ ನೂರು ಏರಿಸಿದೆ. ವಾರದೊಳಗೆ ಅದು ಮುದುಡಿ, ಬಣ್ಣ ಬಿಟ್ಟು, ತೊಳೆದ ಬಟ್ಟೆಯಂತಾಯಿತು. ಬೆಳಕು ಮಿತಿ ಮೀರಿದಾಗ ಪಾಚಿಗಳು ವಿಷದಂಥ ಆಮ್ಲಜನಕದ ಕಣಗಳನ್ನು ಮಾಡತೊಡಗುತ್ತವೆ, ಹವಳ ಬಾಡಿಗೆದಾರರನ್ನೇ ಹೊರಗೆ ಹಾಕುತ್ತದೆ. ಅಮ್ಮ ನೋಡಿ, "ಬಿಸಿಲು ಜಾಸ್ತಿ ಆಗಿದೆ ಕಣೋ, ನೆರಳಿಗಿಡು" ಅಂದರು. ಮನೆ ಮುಂದೆ ಸಸಿ ಬೆಳೆಸುವವರಿಗೆ ಇದು ತಕ್ಷಣ ತಿಳಿಯುತ್ತದೆ, ಪುಸ್ತಕ ಓದಿದವನಿಗಲ್ಲ.

ಮೊಬೈಲ್ ಆ್ಯಪಿನಲ್ಲಿ ಲಕ್ಸ್ ಅಳೆದರೂ ಪ್ರಯೋಜನ ಇಲ್ಲ. ಲಕ್ಸ್ ಅನ್ನೋದೇ ಮನುಷ್ಯನ ಕಣ್ಣಿನ ಅಳತೆ. ಹವಳಕ್ಕೆ ಬೇಕಾದ ಅಳತೆ ಪಾರ್. ಒಂದು ಚದರ ಮೀಟರಿಗೆ ಒಂದು ಸೆಕೆಂಡಿನಲ್ಲಿ ಉಪಯೋಗಕ್ಕೆ ಬರುವ ಬೆಳಕಿನ ಕಣ ಎಷ್ಟು ಬಿದ್ದವು ಅನ್ನೋ ಲೆಕ್ಕ, ಮೈಕ್ರೋಮೋಲ್‌ನಲ್ಲಿ. ನಡುಮಧ್ಯಾಹ್ನದ ಬಿಸಿಲು 2000ದ ಆಸುಪಾಸು. ಮಶ್ರೂಮಿಗೆ 50ರಿಂದ 100, ಬಟನ್‌ಗೆ ಸ್ವಲ್ಪ ಜಾಸ್ತಿ. ಮೀಟರ್ ದುಬಾರಿ, ಹಾಗಾಗಿ ಬೆಂಗಳೂರಿನ ಗೆಳೆಯನಿಂದ ಎರಡು ದಿನಕ್ಕೆ ಎರವಲು ತಂದೆ. ಕಲ್ಲಿನ ತುದಿಯಲ್ಲಿ 300 ದಾಟಿತ್ತು. ಮೂಲೆಯ ಮರಳಿನಲ್ಲಿ 40. ಕಲ್ಲಿನ ಹಿಂದೆ 15. ದೀಪದ ಬುಡದಲ್ಲೇ ಕತ್ತಲು ಅನ್ನೋ ಗಾದೆಗೆ ಇಲ್ಲಿ ಬುಡ ಮೇಲಾಗಿತ್ತು, ದೀಪದ ಬುಡದಲ್ಲಿ ಬೆಂಕಿ, ಬದಿಗೆ ಕತ್ತಲು.

ಕಲ್ಲಿನ ಹಿಂದಿನ ಕತ್ತಲಿಗೆ ಗಾಜಿನ ಕನ್ನಡಿಯೂ ಪೂರ್ತಿ ಉಪಾಯವಲ್ಲ. ಒಂದೇ ಕಡೆಯಿಂದ ಬರುವ ಬೆಳಕಿಗೆ ನೆರಳು ಗಟ್ಟಿ. ಉದ್ದದ ಪಟ್ಟಿಯನ್ನು ತೆಗೆದು ಎರಡು ಚಿಕ್ಕ ದುಂಡನೆ ದೀಪ ತಂದೆ, ಎದುರುಬದುರು ಮೂಲೆಗಳ ಕಡೆಗೆ ಸ್ವಲ್ಪ ಸರಿಸಿ ತೂಗಿದೆ. ಒಂದರ ನೆರಳನ್ನು ಇನ್ನೊಂದು ತಿನ್ನುತ್ತದೆ. ಅಂಥ ದೀಪ ಕೊಳ್ಳುವಾಗ ಒಂದು ನೋಡಿಕೊಳ್ಳಿ: ಬಣ್ಣಬಣ್ಣದ ಎಲ್‌ಇಡಿಗಳು ದೂರ ದೂರ ಇದ್ದರೆ ಮರಳಿನ ಮೇಲೆ ಕೆಂಪು, ಹಸಿರು ನೆರಳು ಕುಣಿದು ಜಾತ್ರೆಯ ಆರ್ಕೆಸ್ಟ್ರಾ ವೇದಿಕೆಯಂತಾಗುತ್ತದೆ. ಒತ್ತೊತ್ತಾಗಿದ್ದು, ಮೇಲೊಂದು ಮಬ್ಬು ಹಾಳೆ ಇದ್ದರೆ ಆ ಕಾಟವಿಲ್ಲ. ಮೊದಲ ವಾರ ಮೂವತ್ತು ಪರ್ಸೆಂಟ್, ಆಮೇಲೆ ವಾರಕ್ಕೆ ಐದೈದು ಏರಿಸಿದೆ. ದಿನಕ್ಕೆ ಒಂಬತ್ತು ಗಂಟೆ.

ಕರೆಂಟ್ ಹೋದರೆ? ಹೋಗುತ್ತದೆ. ಶಿವನಸಮುದ್ರದಿಂದ 147 ಕಿಲೋಮೀಟರ್ ತಂತಿ ಎಳೆದು ನಮ್ಮ ಜಿಲ್ಲೆಯ ಚಿನ್ನದ ಗಣಿಗೆ ಕರೆಂಟ್ ತಂದಿದ್ದು 1902ರಲ್ಲಿ, ಬೆಂಗಳೂರಿನ ಬೀದಿದೀಪಕ್ಕಿಂತ ಮೊದಲು. ಅಷ್ಟು ಹಳೇ ನಂಟಿದ್ದರೂ ಬೇಸಿಗೆಯಲ್ಲಿ ಅದು ಕೈಕೊಡುವುದು ತಪ್ಪಿಲ್ಲ. ಹವಳ ಒಂದು ದಿನ ಕತ್ತಲು ತಡೆಯುತ್ತದೆ, ಮೋಡದ ದಿನ ಸಮುದ್ರದಲ್ಲೂ ಇರುತ್ತದಲ್ಲ. ನೀರು ನಿಂತು ಆಮ್ಲಜನಕ ಮುಗಿದರೆ ತಡೆಯುವುದಿಲ್ಲ. ಹಾಗಾಗಿ ಯುಪಿಎಸ್‌ಗೆ ಪಂಪು ಮಾತ್ರ ಜೋಡಿಸಿದ್ದೇನೆ, ದೀಪ ಅಲ್ಲ.

ಬಿಳಿಚಿದ್ದ ಮಶ್ರೂಮನ್ನು ಮೀಟರ್ ನೋಡಿಯೇ 100 ಇರುವ ಕಡೆ ಕೂರಿಸಿದೆ. ಎರಡು ತಿಂಗಳಲ್ಲಿ ಬಣ್ಣ ಬಂತು. ಮೊನ್ನೆ ನೋಡಿದರೆ ಅದು ಆ ಜಾಗದಲ್ಲಿ ಇಲ್ಲ. ಮಶ್ರೂಮುಗಳು ಅಡಿಯ ಹಿಡಿತ ಸಡಿಲಿಸಿ ದಿನಕ್ಕಿಷ್ಟು ಅಂತ ಜಾರುತ್ತವೆ. ಎರಡಿಂಚು ಸರಿದು, ಕಲ್ಲಿನ ಓರೆಯಲ್ಲಿ, ಬಟನ್ನುಗಳ ಪಕ್ಕ ಅಗಲವಾಗಿ ಹರಡಿ ಕೂತಿತ್ತು. ಗೆಳೆಯನಿಗೆ ಮತ್ತೆ ಫೋನ್ ಮಾಡಿ ಮೀಟರ್ ತರಿಸಿ ಅಲ್ಲಿಟ್ಟೆ. 70.