ಸಬ್‌ವರ್ಷನ್ ಮತ್ತು ಗಿಟ್ ನಡುವಿನ ಸೇತುವೆ: ದಾಟುವುದು ಯಾವುದು, ಉಳಿಯುವುದು ಯಾವುದು

ಬಳ್ಳಾರಿ, ರಾಯಚೂರಿನ ಎಂಜಿನಿಯರಿಂಗ್ ಕಾಲೇಜುಗಳಿಂದ ಬಂದು ನಮ್ಮಲ್ಲಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಕೋಡ್‌ನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಆವೃತ್ತಿ ನಿಯಂತ್ರಣ ತಂತ್ರಾಂಶಗಳಲ್ಲಿ ಕಲಿತಿರುವುದು ಗಿಟ್ ಒಂದನ್ನೇ. ಆದರೆ ಬಳ್ಳಾರಿಯ ನಮ್ಮ ಚಿಕ್ಕ ತಂಡ ನೋಡಿಕೊಳ್ಳುವ ಹಳೆಯ ಲೆಕ್ಕಪತ್ರ ತಂತ್ರಾಂಶದ ಕೋಡ್ ಇಂದಿಗೂ, ಅದೇ ಬಗೆಯ ಹಳೆಯ ತಂತ್ರಾಂಶವಾದ ಸಬ್‌ವರ್ಷನ್ ಓಡುವ ಗ್ರಾಹಕರ ಸರ್ವರ್‌ನಲ್ಲಿದೆ. ಎರಡರ ನಡುವೆ ಓಡಾಡಲು ನಾವು ಗಿಟ್-ಎಸ್‌ವಿಎನ್ ಎಂಬ ಸೇತು ಸಾಧನವನ್ನು ಬಳಸುತ್ತೇವೆ. ಇಂಥ ಸಾಧನಗಳ ಕಷ್ಟ ಕಡತಗಳನ್ನು ಸಾಗಿಸುವುದರಲ್ಲಿಲ್ಲ, ಕಡತಗಳ ಚರಿತ್ರೆಯನ್ನು ಸಾಗಿಸುವುದರಲ್ಲಿದೆ.

ಡಿಕ್ ಗ್ರೂನ್ 1986ರಲ್ಲಿ ಬರೆದ ಶೆಲ್ ಸ್ಕ್ರಿಪ್ಟ್‌ಗಳಿಂದ ಹುಟ್ಟಿದ, ಸಬ್‌ವರ್ಷನ್‌ಗಿಂತ ಮುಂಚಿನ ಇಂಥದೇ ತಂತ್ರಾಂಶವಾದ ಸಿವಿಎಸ್, ಪ್ರತಿ ಕಡತದ ಚರಿತ್ರೆಯನ್ನೂ ಬೇರೆಬೇರೆಯಾಗಿ ಇಡುತ್ತಿತ್ತು. ಒಂದೇ ಕೆಲಸಕ್ಕೆಂದು ಹತ್ತು ಕಡತಗಳನ್ನು ತಿದ್ದಿದ್ದರೂ ಅವೆಲ್ಲ ಒಂದೇ ಬದಲಾವಣೆಯ ಭಾಗವೆಂಬ ದಾಖಲೆ ಉಳಿಯುತ್ತಿರಲಿಲ್ಲ. 2004ರ ಫೆಬ್ರವರಿಯಲ್ಲಿ 1.0 ಆವೃತ್ತಿ ಕಂಡ ಸಬ್‌ವರ್ಷನ್, ಒಟ್ಟಿಗೆ ಮಾಡಿದ ತಿದ್ದುಪಡಿಗಳನ್ನೆಲ್ಲ ಒಂದೇ ಪರಿಷ್ಕರಣೆಯಾಗಿ ದಾಖಲಿಸಿ ಆ ಕೊರತೆಯನ್ನು ನೀಗಿಸಿತು. ಆದ್ದರಿಂದ ಹಳೆಯದನ್ನು ಹೊಸದಕ್ಕೆ ಒಯ್ಯುವ ಸಾಧನಗಳು ತಿದ್ದಿದವರ ಹೆಸರು, ಟಿಪ್ಪಣಿ ಮತ್ತು ಸಮಯವನ್ನು ಹೋಲಿಸಿ, ಚದುರಿದ ತಿದ್ದುಪಡಿಗಳನ್ನು ಊಹೆಯ ಮೇಲೆ ಒಟ್ಟುಗೂಡಿಸಬೇಕಾಯಿತು.

ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ನ ತಂಡ 2002ರಿಂದ ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ಆವೃತ್ತಿ ನಿಯಂತ್ರಣ ತಂತ್ರಾಂಶದ ಉಚಿತ ಪರವಾನಗಿ 2005ರಲ್ಲಿ ಕೊನೆಗೊಂಡಾಗ, ಆ ಏಪ್ರಿಲ್‌ನಲ್ಲೇ ಲಿನಸ್ ಟೊರ್ವಾಲ್ಡ್ಸ್ ಗಿಟ್ ಅನ್ನೂ ಮ್ಯಾಟ್ ಮ್ಯಾಕಲ್ ಮರ್ಕ್ಯುರಿಯಲ್ ಅನ್ನೂ ಆರಂಭಿಸಿದರು. ಇವೆರಡರಲ್ಲೂ ಪೂರ್ಣ ಚರಿತ್ರೆ ಪ್ರತಿಯೊಬ್ಬರ ಯಂತ್ರದಲ್ಲೇ ಇರುತ್ತದೆ, ಒಂದು ಕಮಿಟ್‌ಗೆ, ಅಂದರೆ ದಾಖಲಾದ ಒಂದು ಬದಲಾವಣೆಗೆ, ಇಬ್ಬರು ತಾಯಂದಿರಿದ್ದಂತೆ ಎರಡು ಮೂಲಗಳಿರಬಹುದು.

ಎರಿಕ್ ವಾಂಗ್ ಬರೆದ ಗಿಟ್-ಎಸ್‌ವಿಎನ್ ಬಂದದ್ದು 2006ರಲ್ಲಿ. ಅದು ಸಬ್‌ವರ್ಷನ್‌ನ ಪರಿಷ್ಕರಣೆಗಳನ್ನು ಒಂದೊಂದಾಗಿ ತಂದು ಗಿಟ್ ಕಮಿಟ್ ಮಾಡುತ್ತದೆ ಮತ್ತು ಮೂಲದ ವಿಳಾಸ, ಸಂಖ್ಯೆಗಳನ್ನು ಟಿಪ್ಪಣಿಯ ಕೊನೆಯ ಸಾಲಿನಲ್ಲಿ ಬರೆದಿಡುತ್ತದೆ. ಹೀಗೆ ಒಂದೊಂದನ್ನೇ ತರುವ ಕಾರಣ ಮೊದಲ ಪ್ರತಿ ಇಳಿಯಲು ನಮಗೆ ಇಡೀ ರಾತ್ರಿ ಹಿಡಿದಿತ್ತು. ನಾವು ಮಾಡಿದ ಕಮಿಟ್‌ಗಳನ್ನು 'ಡಿಕಮಿಟ್' ಆದೇಶದಿಂದ ವಾಪಸ್ ಕಳಿಸಿದಾಗ ಅವು ಹೊಸದಾಗಿ ಬರೆಯಲ್ಪಟ್ಟು, ಅವುಗಳ 40 ಅಕ್ಷರದ ಗುರುತು ಬದಲಾಗುತ್ತದೆ. ಹಳೆಯ ಗುರುತನ್ನು ನಂಬಿ ಕೆಲಸ ಮಾಡುತ್ತಿದ್ದ ಸಹೋದ್ಯೋಗಿಗೆ ಅಲ್ಲಿಂದಲೇ ತೊಡಕು ಶುರು. ಬ್ರಾಂಚ್ ಎಂದರೆ ಮುಖ್ಯ ಚರಿತ್ರೆಯಿಂದ ಕವಲೊಡೆದ ಕೆಲಸದ ಸಾಲು, ಮರ್ಜ್ ಎಂದರೆ ಅದನ್ನು ಮತ್ತೆ ಮುಖ್ಯ ಸಾಲಿಗೆ ಸೇರಿಸುವುದು. ಮರ್ಜ್ ಆದ ಬ್ರಾಂಚ್‌ನ ಕವಲುಗಳು ಆಚೆ ಸಬ್‌ವರ್ಷನ್‌ನಲ್ಲಿ ಒಂದೇ ಬದಲಾವಣೆಯಾಗಿ ಕಾಣುತ್ತವೆ. ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ–ಗಂಗಾವತಿ ಸೇತುವೆ ಮುಳುಗುವಂತೆ, ಕವಲುಗಳು ಹೆಚ್ಚಾದಾಗ ಈ ಸೇತುವೆಯೂ ಬಳಕೆಗೆ ಬಾರದಂತಾಗುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಹೆಸರುಗಳ ಪ್ರಶ್ನೆ. ಸಬ್‌ವರ್ಷನ್‌ನಲ್ಲಿ ಬಳಕೆದಾರರ ಹೆಸರಷ್ಟೇ ಇರುತ್ತದೆ, ಗಿಟ್ ಪೂರ್ಣ ಹೆಸರನ್ನೂ ಇಮೇಲ್ ಅನ್ನೂ ಕೇಳುತ್ತದೆ. ಎರಡನ್ನೂ ಜೋಡಿಸುವ ಪಟ್ಟಿಯನ್ನು ಕೈಯಿಂದಲೇ ಬರೆಯಬೇಕು. ಎರಡೇ ಅಕ್ಷರಗಳ ಒಂದು ಹೆಸರು ಯಾರದೆಂದು ತಿಳಿಯಲು ನಾವು ಕೆಲಸ ಬಿಟ್ಟುಹೋದ ಹಳಬರಿಗೆಲ್ಲ ಫೋನ್ ಮಾಡಿದೆವು. ಆ ಶ್ರಮ ವ್ಯರ್ಥವೆಂದು ನನಗೆ ಅನ್ನಿಸಿಲ್ಲ. ತೆರಿಗೆ ಲೆಕ್ಕದ ಒಂದು ಸಾಲನ್ನು ಹಾಗೇಕೆ ಬರೆದಿದ್ದಾರೆಂದು ಹೇಳಬಲ್ಲವರು ಅದನ್ನು ಬರೆದವರೇ.

ಗಿಟ್ ಕೋಡ್ ಇಡುವ ಜಾಲತಾಣವಾದ ಗಿಟ್‌ಹಬ್ ತಾನು ಒದಗಿಸುತ್ತಿದ್ದ ಸಬ್‌ವರ್ಷನ್ ಸಂಪರ್ಕವನ್ನು 2024ರ ಜನವರಿಯಲ್ಲಿ ನಿಲ್ಲಿಸಿತು. ನಮ್ಮ ಗ್ರಾಹಕರ ಸರ್ವರ್ ಇನ್ನೂ ನಡೆಯುತ್ತಿರುವುದರಿಂದ, ನಾವು ದಿನವೂ ಕೆಲಸಕ್ಕೆ ಮುನ್ನ ರೀಬೇಸ್ ಮಾಡಿ (ಸರ್ವರ್‌ನ ಹೊಸ ಬದಲಾವಣೆಗಳ ಮೇಲೆ ನಮ್ಮವನ್ನು ಮತ್ತೆ ಕೂರಿಸಿ), ಕಳಿಸುವ ಬದಲಾವಣೆಗಳನ್ನು ಕವಲಿಲ್ಲದೆ ಒಂದೇ ಸಾಲಿನಲ್ಲಿ ಇಟ್ಟುಕೊಳ್ಳುತ್ತೇವೆ.