ಬೈಕಿನ ಎಕ್ಸ್‌ಟ್ರಾ ಲೈಟು, ಎದುರಿನವನ ಕಣ್ಣು

ಬೆಂಗಳೂರಿನ ಜೆ.ಸಿ. ರೋಡಲ್ಲಿ ಬೈಕಿಗೆ ಎಕ್ಸ್‌ಟ್ರಾ ಲೈಟ್ ಹಾಕ್ಸೋಕೆ ಹೋದೋರು ಮೊದಲು ಕೇಳೋದು "ಎಷ್ಟು ವ್ಯಾಟ್ ಅಣ್ಣಾ?" ಅಂತ. ನಮಗೆ ರಸ್ತೆ ಕಾಣೋಕೆ ಅದೆಲ್ಲ ಬೇಕು ಬಿಡಿ. ಆದ್ರೆ ನಾವು ಬೇರೆಯವ್ರಿಗೆ ಕಾಣ್ಬೇಕು ಅಂದ್ರೆ ಕೇಳ್ಬೇಕಾದ್ದು, ಎರಡು ಲೈಟಿನ ಮಧ್ಯೆ ಎಷ್ಟು ಅಂತರ ಇದೆ ಅಂತ.

ಎದುರಿಂದ ನೇರವಾಗಿ ಬರೋ ಗಾಡಿ ಅಕ್ಕಪಕ್ಕ ಸರಿಯಲ್ಲ, ಇದ್ದಲ್ಲೇ ಹಿಗ್ಗುತ್ತೆ ಅಷ್ಟೆ, ಆ ಹಿಗ್ಗೋ ವೇಗ ನೋಡಿನೇ ನಮ್ಮ ಮಿದುಳು 'ಬಂದ ಬಂದ' ಅಂತ ಎಚ್ಚರಿಸೋದು. ಈ ಹಿಗ್ಗುವಿಕೆ ಸೆಕೆಂಡಿಗೆ ಸುಮಾರು 0.003 ರೇಡಿಯನ್ (ರೇಡಿಯನ್ ಅಂದ್ರೆ ಕೋನದ ಒಂದು ಅಳತೆ) ದಾಟೋವರೆಗೂ ಕಣ್ಣಿಗೆ ಗೊತ್ತೇ ಆಗಲ್ಲ. ಹಿಗ್ಗೋ ವೇಗದ ಲೆಕ್ಕ ಸುಲಭ, ಎಲ್ಲಾನೂ ಮೀಟರ್, ಸೆಕೆಂಡಲ್ಲಿ ತಗೊಂಡು ಅಗಲವನ್ನ ಗಾಡಿ ವೇಗದಿಂದ ಗುಣಿಸಿ ದೂರದ ವರ್ಗದಿಂದ ಭಾಗಿಸಿ. ರಾತ್ರಿ 60 ಕಿ.ಮೀ. ಸ್ಪೀಡಲ್ಲಿ ಬರ್ತಿರೋ ಬೈಕಿನ 15 ಸೆಂಟಿಮೀಟರ್ ಹೆಡ್‌ಲೈಟ್ ಒಂದೇ ಕಾಣ್ತಿದ್ರೆ ಆ ಗಡಿ ದಾಟೋದು 29 ಮೀಟರ್ ಹತ್ರ ಬಂದ್ಮೇಲೆ, ಅಂದ್ರೆ ಗುದ್ದೋಕೆ 2 ಸೆಕೆಂಡೂ ಉಳಿದಿರಲ್ಲ. ಅದೇ ಕ್ರ್ಯಾಶ್ ಗಾರ್ಡ್ ಎರಡು ತುದಿಗೆ 70 ಸೆಂಟಿಮೀಟರ್ ಅಂತರದಲ್ಲಿ ಜೋಡಿ ಲೈಟ್ ಹಾಕಿದ್ರೆ 62 ಮೀಟರಿಗೇ ಗೊತ್ತಾಗುತ್ತೆ, ಮೂರೂವರೆ ಸೆಕೆಂಡಿಗಿಂತ ಜಾಸ್ತಿ ಟೈಮ್ ಸಿಗುತ್ತೆ. ಡಿವೈಡರ್ ಗ್ಯಾಪಲ್ಲಿ ಯೂ ಟರ್ನ್ ತಗೊಳ್ಳೋ ಆಟೋದವ್ನು ಲೈಟ್ ನೋಡೇ ಇರ್ತಾನೆ, ಆದ್ರೂ 'ಇನ್ನೂ ದೂರ ಇದಾನೆ' ಅಂತ ತಿರುಗಿಸ್ಬಿಡ್ತಾನಲ್ಲ, ಅದು ಇದಕ್ಕೇ. ಸೂತ್ರದಲ್ಲಿ ವ್ಯಾಟ್ ಎಲ್ಲೂ ಇಲ್ಲ ನೋಡಿ! 2012ರಲ್ಲಿ ಬ್ರಿಟನ್ನಿನ ರಾಯಲ್ ಹಾಲೋವೇ ಸಂಶೋಧಕರು ಒಂಟಿ ಹೆಡ್‌ಲೈಟಿಗೆ ಇನ್ನೆರಡು ಲೈಟ್ ಸೇರಿಸಿ ತ್ರಿಕೋನ ಮಾಡಿ ತೋರಿಸಿದಾಗ ಜನ ಕತ್ತಲಲ್ಲಿ ವೇಗ ಅಂದಾಜು ಮಾಡೋದು ಸುಧಾರಿಸ್ತು.

ಲೈಟ್ ಹಾಕಿದ್ರೆ ಕಾಣ್ತೀವಿ ಅನ್ನೋದೇ ಪೂರ್ತಿ ನಿಜ ಅಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆ 'ಯೆಹೂಡಿ' (Yehudi) ಅನ್ನೋ ಪ್ರಾಜೆಕ್ಟಲ್ಲಿ ವಿಮಾನದ ಮುಂಭಾಗಕ್ಕೆ ದೀಪ ಹಾಕಿದ್ದು ಅದನ್ನ ಅಡಗಿಸೋಕೆ! ದೀಪದ ಪ್ರಕಾಶ ಹಿಂದಿನ ಆಕಾಶಕ್ಕೆ ಸರಿಸಮ ಆದಾಗ ಆಕಾರ ಕರಗಿಹೋಗುತ್ತೆ, 12 ಮೈಲಿಗೇ ಕಾಣ್ತಿದ್ದ ವಿಮಾನ 2 ಮೈಲಿ ಹತ್ರ ಬರೋವರೆಗೂ ಸಿಗ್ತಿರಲಿಲ್ಲ.

ಇನ್ನು ಹಳದಿ ಲೈಟ್ ಮಂಜನ್ನ ಸೀಳುತ್ತೆ ಅನ್ನೋ ನಂಬಿಕೆ ಹ್ಯಾಂಡಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟೋರಿಗೂ ಇದೆ, ಕಟ್ಟೋರನ್ನ ನೋಡಿ ನಗೋರಿಗೂ ಇದೆ. ಫ್ರಾನ್ಸಲ್ಲಂತೂ 1993ರವರೆಗೂ ಹಳದಿ ಹೆಡ್‌ಲೈಟೇ ಕಾನೂನು. ಆದ್ರೆ ಚಾರ್ಮಾಡಿ ಘಾಟಿಯ ಮಂಜಿನ ಹನಿ ಬೆಳಕಿನ ತರಂಗಕ್ಕಿಂತ ಹತ್ತಾರು ಪಟ್ಟು ದೊಡ್ಡದು, ಅದು ಎಲ್ಲಾ ಬಣ್ಣನೂ ಹೆಚ್ಚುಕಮ್ಮಿ ಒಂದೇ ಥರ ಚದುರಿಸುತ್ತೆ, ಹಳದಿಗೇನೂ ವಿಶೇಷ ಇಲ್ಲ. ಉಪಯೋಗಕ್ಕೆ ಬರೋದು ಲೈಟಿನ ಎತ್ತರ, ಕೆಳಗಿದ್ದಷ್ಟೂ ವಾಪಸ್ ಕಣ್ಣಿಗೆ ಬಡಿಯೋ ಬೆಳಕು ಕಮ್ಮಿ.

ವೈರಿಂಗ್ ಬಗ್ಗೆ ಜಾಸ್ತಿ ಹೇಳಲ್ಲ. ತಲಾ 20 ವ್ಯಾಟಿನ ಎರಡು ಲೈಟ್ ಸೇರಿ 12 ವೋಲ್ಟಲ್ಲಿ 3.3 ಆಂಪಿಯರ್ ಎಳೆಯುತ್ತೆ, ಹೆಡ್‌ಲೈಟ್ ವೈರ್ ಸುಲಿದು ಕೊಂಡಿ ಹಾಕ್ಸ್ಬೇಡಿ, ಫ್ಯೂಸ್ ಮತ್ತೆ ರಿಲೇ (ಸಣ್ಣ ಕರೆಂಟಲ್ಲಿ ದೊಡ್ಡ ಕರೆಂಟನ್ನ ಆನ್ ಆಫ್ ಮಾಡೋ ಸ್ವಿಚ್) ಹಾಕ್ಸಿ. ಬೀಮ್ ಮಾತ್ರ ನೀವೇ ಸೆಟ್ ಮಾಡಿ, 2024ರ ಜುಲೈಯಿಂದ ಕರ್ನಾಟಕ ಪೊಲೀಸರು ಕಣ್ಣು ಕುಕ್ಕೋ ಎಲ್‌ಇಡಿಗೆ ಕೇಸ್ ಹಾಕೋಕೆ ಶುರು ಮಾಡಿದಾರೆ. ಗೋಡೆ ಎದುರು ಬೈಕ್ ನಿಲ್ಲಿಸಿ ನೋಡಿದಾಗ ಬೆಳಕಿನ ಮೇಲಂಚು ಲೈಟಿನ ಎತ್ತರಕ್ಕಿಂತ ಕೆಳಗೇ ಬೀಳ್ಬೇಕು, ಮತ್ತೆ ಹಿಂದೆ ಯಾರನ್ನಾದ್ರೂ ಕೂರಿಸ್ಕೊಂಡೇ ನೋಡಿ, ಹಿಂದೆ ಭಾರ ಬಿದ್ರೆ ಮುಂದಿನ ಲೈಟ್ ಮೇಲಕ್ಕೆ ಏಳುತ್ತೆ.